ಜಾತಿಯ ಜಿಜ್ಞಾಸೆ: ಮೈಸೂರಿನ ಎಂ. ಎನ್. ಶ್ರೀನಿವಾಸರು

ನಮ್ಮ ಸೀಮೆಯಲ್ಲಿ ಹೊಸಬನೊಬ್ಬನು ಊರಿಗೆ ಬಂದರೆ, ಕುಡಿಯುವುದಕ್ಕೆ ನೀರು ಬೇಕೇ ಎಂದು ಮೊದಲು ಕೇಳುವುದೂ, ಯಾವ ಊರೆಂದು ಆಮೇಲೆ ಕೇಳುವುದೂ, ಮೂರನೆಯದಾಗಿ ‘ಯಾವ ಜನ?’ ಎಂದು ವಿಚಾರಿಸುವುದೂ ವಾಡಿಕೆ. ಮೂರನೆಯ ಪ್ರಶ್ನೆಗೆ ಉತ್ತರ ದೊರೆಯುವವರೆಗೆ ಮೊದಲನೆಯ ಪ್ರಶ್ನೆಯನ್ನೇ ಕೇಳದಿದ್ದ ಕಾಲವೂ ಉಂಟು. ಇಲ್ಲಿ ‘ಜನ’ ಎಂದರೆ ಜಾತಿ. ಮನುಷ್ಯನು ತಾನು ಯಾರೆಂಬುದನ್ನು ತನ್ನ ಹೆಸರಿನಿಂದಲ್ಲ, ತನ್ನ ಜನದಿಂದ ಹೇಳಿಕೊಳ್ಳುತ್ತಾನೆ. ಕೇಳುವವನೂ ಅದನ್ನೇ ನಿರೀಕ್ಷಿಸುತ್ತಾನೆ. ಈ ಸಾಮಾನ್ಯವಾದ ಪ್ರಶ್ನೆಯನ್ನು ಒಂದು ಶಾಸ್ತ್ರದ ವಿಷಯವನ್ನಾಗಿ ಮಾಡಿ, ಅದರ ಹಿಂದಿರುವ ವ್ಯವಸ್ಥೆಯನ್ನು ಲೋಕದ ವಿದ್ವಾಂಸರಿಗೆಲ್ಲ ತಿಳಿಯಪಡಿಸಿದವರು ಮೈಸೂರಿನವರೇ ಆದ ಪ್ರೊಫೆಸರ್ ಎಂ. ಎನ್. ಶ್ರೀನಿವಾಸರು. ಅವರ ಕ್ಷೇತ್ರವಾದ ಗ್ರಾಮವು ನಮ್ಮ ಮಳವಳ್ಳಿ ತಾಲ್ಲೂಕಿಗೆ ನೆರೆಯದು. ಅವರ ವಿಚಾರಗಳನ್ನು ಹಲಗೂರಿನಂಥ ಊರಿನಲ್ಲಿ ನಿಂತು ಪರಿಶೀಲಿಸುವುದು ಉಚಿತವೆಂದು ತೋರಿ ಈ ಲೇಖನವನ್ನು ಬರೆಯಲಾಗಿದೆ.

ಶ್ರೀನಿವಾಸರಿಗಿಂತ ಮೊದಲೂ ಮೈಸೂರು ಸಂಸ್ಥಾನದಲ್ಲಿ ಜಾತಿಗಳ ವಿಚಾರವಾಗಿ ಬರೆದವರಿದ್ದರು. ೧೯೦೧ರ ಜನಗಣತಿಯಲ್ಲಿ ರಿಸ್ಲೆ ಎಂಬ ಅಧಿಕಾರಿಯು ಜಾತಿಗಳನ್ನು ಮೇಲು ಕೀಳುಗಳ ಕ್ರಮದಲ್ಲಿ ಪಟ್ಟಿಮಾಡಲು ಯತ್ನಿಸಿದನು. ಆಗ ದೇಶದಾದ್ಯಂತ ಒಂದೊಂದು ಜಾತಿಯವರೂ ಸಭೆ ಸೇರಿ, ತಮ್ಮನ್ನು ಇಂಥ ವರ್ಣದವರೆಂದು ಬರೆಯಬೇಕೆಂದು ಸರ್ಕಾರಕ್ಕೆ ಅರ್ಜಿಗಳನ್ನು ಕಳುಹಿಸಿದರು. ಆ ಕಾಲದಲ್ಲಿಯೇ ನಮ್ಮ ಸಂಸ್ಥಾನದ ಜನಾಂಗಗಳ ಪರಿಶೀಲನೆಯ ಹೊಣೆಯನ್ನು ಹೊತ್ತವರು ಎಚ್. ವಿ. ನಂಜುಂಡಯ್ಯನವರು. ೧೯೧೫ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಪ್ರಥಮಾಧ್ಯಕ್ಷರಾಗಿಯೂ, ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರಥಮ ಉಪಕುಲಪತಿಗಳಾಗಿಯೂ ಇದ್ದ ಮಹನೀಯರು ಅವರೇ. ೧೯೨೦ರಲ್ಲಿ ಅವರು ತೀರಿಕೊಂಡ ಬಳಿಕ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಆ ಕೆಲಸವನ್ನು ಪೂರೈಸಿದರು. ಮೈಸೂರಿನ ಬುಡಕಟ್ಟುಗಳನ್ನೂ ಜಾತಿಗಳನ್ನೂ ಕುರಿತ ನಾಲ್ಕು ಸಂಪುಟಗಳು ೧೯೨೮ರಿಂದ ೧೯೩೫ರೊಳಗಾಗಿ ಪ್ರಕಟವಾದವು. ಆ ಸಂಪುಟಗಳಲ್ಲಿ ಒಂದೊಂದು ಜಾತಿಯ ಹುಟ್ಟು, ಮದುವೆ, ಸಾವು, ದೇವತೆ, ಕಸುಬು ಎಲ್ಲವೂ ಇವೆ; ಆದರೆ ಒಂದು ಊರಿನಲ್ಲಿ ಇಪ್ಪತ್ತು ಜಾತಿಗಳವರು ಕೂಡಿ ಬಾಳುವುದು ಹೇಗೆಂಬುದು ಅವುಗಳಲ್ಲಿ ಇಲ್ಲ. ಹೂಗಳನ್ನು ಬಿಡಿಬಿಡಿಯಾಗಿ ಎಣಿಸಿದ್ದಾಯಿತು. ದಾರವನ್ನು ಯಾರೂ ನೋಡಲಿಲ್ಲ.

ಶ್ರೀನಿವಾಸರು ೧೯೧೬ನೆಯ ಇಸವಿ ನವೆಂಬರ್ ೧೬ರಂದು ಮೈಸೂರಿನಲ್ಲಿ ಶ್ರೀವೈಷ್ಣವ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಅವರ ಪೂರ್ವಿಕರ ಊರು ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ. ಮಕ್ಕಳ ವಿದ್ಯಾಭ್ಯಾಸಕ್ಕಾಗಿ ತಂದೆಯವರು ಹಳ್ಳಿಯನ್ನು ಬಿಟ್ಟು ಮೈಸೂರಿನ ಕಾಲೇಜು ರಸ್ತೆಯಲ್ಲಿ ಮನೆಮಾಡಿದರು. ಆ ಮನೆಯ ಹಿಂಬದಿಗೆ ಬಂಡಿಕೇರಿ. ಅಲ್ಲಿ ಕುರುಬರ ವಾಸ. ಮುಂಬಾಗಿಲಿನಲ್ಲಿ ವಕೀಲರು, ಉಪಾಧ್ಯಾಯರು, ಗುಮಾಸ್ತೆಗಳು. ಹಿತ್ತಲಿನಲ್ಲಿ ಕುರಿಗಳು, ಕಂಬಳಿಗಳು, ಬೇರೆ ಬಗೆಯ ಮಾತು, ಬೇರೆ ಬಗೆಯ ಊಟ, ಬೇರೆ ದೇವರು. ತಮ್ಮ ಹಿತ್ತಲಿನಿಂದ ಕೆಲವೇ ಮಾರು ದೂರದಲ್ಲಿ ಮತ್ತೊಂದು ಲೋಕವಿತ್ತೆಂಬುದನ್ನೂ, ಬಾಲ್ಯದಲ್ಲಿ ಅದನ್ನು ಕಂಡು ಬೆರಗಾದುದನ್ನೂ ಅವರು ಮುಂದೆ ವಿಸ್ತಾರವಾಗಿ ಬರೆದಿದ್ದಾರೆ. ಪಶ್ಚಿಮದ ಮಾನವಶಾಸ್ತ್ರಜ್ಞರು ಸಮುದ್ರಗಳನ್ನು ದಾಟಿ ದ್ವೀಪಗಳಿಗೆ ಹೋಗಿ ಕಂಡುಕೊಂಡ ವೈಲಕ್ಷಣ್ಯವು ಅವರಿಗೆ ಮನೆಯ ಹಿಂದೆಯೇ ದೊರಕಿತು.

ಅವರು ಮಹಾರಾಜ ಕಾಲೇಜಿನಲ್ಲಿ ಆರಿಸಿಕೊಂಡ ವಿಷಯವು ಸಮಾಜ ತತ್ತ್ವಶಾಸ್ತ್ರ. ಈ ಆನರ್ಸ್ ತರಗತಿಯ ವ್ಯವಸ್ಥೆಯು ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎ. ಆರ್. ವಾಡಿಯಾ ಅವರದು. ವಾಡಿಯಾ ಅವರು ಪಾರಸಿಗಳು, ನೀತಿಶಾಸ್ತ್ರದಲ್ಲಿ ಪಂಡಿತರು, ಸ್ತ್ರೀಸ್ವಾತಂತ್ರ್ಯದ ನೈತಿಕ ಪ್ರಶ್ನೆಗಳನ್ನು ಕುರಿತು ೧೯೨೩ರಷ್ಟು ಹಿಂದೆಯೇ ಗ್ರಂಥವನ್ನು ಬರೆದಿದ್ದವರು. ತತ್ತ್ವವಿಚಾರವು ಬ್ರಹ್ಮ, ಜೀವ, ಜಗತ್ತುಗಳಲ್ಲಿಯೇ ನಿಂತುಬಿಡಬಾರದು, ಮನುಷ್ಯರು ಕೂಡಿ ಬಾಳುವ ರೀತಿಯನ್ನೂ ಒಳಕೊಳ್ಳಬೇಕೆಂಬುದು ಆ ಪಾಠಕ್ರಮದ ಆಶಯವಾಗಿತ್ತು. ನೀತಿ, ರಾಜ್ಯಶಾಸ್ತ್ರ, ಮತಗಳ ತೌಲನಿಕ ವಿಚಾರ, ಮಾನವಶಾಸ್ತ್ರ ಎಲ್ಲವೂ ಅದರಲ್ಲಿ ಸೇರಿದ್ದವು. ಮಾನವಶಾಸ್ತ್ರವನ್ನು ಬೋಧಿಸಿದವರು ಪುರಾತತ್ತ್ವ ಸಂಶೋಧಕರಾದ ಎಂ. ಎಚ್. ಕೃಷ್ಣ ಅವರು. ಶ್ರೀನಿವಾಸರು ೧೯೩೬ರಲ್ಲಿ ಪದವಿಯನ್ನು ಪಡೆದರು. ಅವರು ಸಮಾಜಶಾಸ್ತ್ರಜ್ಞರೆಂದು ಪ್ರಖ್ಯಾತರಾದರೂ ತತ್ತ್ವಶಾಸ್ತ್ರದ ಬಾಗಿಲಿನಿಂದಲೇ ಒಳಗೆ ಬಂದವರೆಂಬುದನ್ನು ಮರೆಯಲಾಗದು.

ಮುಂದೆ ಮುಂಬಯಿಯಲ್ಲಿ ಜಿ. ಎಸ್. ಘುರ್ಯೆ ಅವರಲ್ಲಿ ಅಭ್ಯಾಸ ಮಾಡಿ, ಮೈಸೂರಿನ ವಿವಾಹ ಮತ್ತು ಕುಟುಂಬಗಳನ್ನು ಕುರಿತ ಪ್ರಬಂಧವನ್ನು ೧೯೪೨ರಲ್ಲಿ ಪ್ರಕಟಿಸಿದರು. ಬಳಿಕ ಕೊಡವರನ್ನು ಕುರಿತು ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದು, ೧೯೪೫ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದರು. ಅಲ್ಲಿ ರ್‍ಯಾಡ್‌ಕ್ಲಿಫ್-ಬ್ರೌನ್, ಇವಾನ್ಸ್-ಪ್ರಿಚರ್ಡ್ ಎಂಬ ಇಬ್ಬರು ಆಚಾರ್ಯರ ಕೈಕೆಳಗೆ ಕೊಡಗಿನ ಸಾಮಗ್ರಿಯನ್ನು ಮರಳಿ ಪರಿಶೀಲಿಸಿ ೧೯೪೭ರಲ್ಲಿ ಅಲ್ಲಿನ ಪದವಿಯನ್ನೂ ಪಡೆದರು. ಒಂದು ಆಚಾರವು ಎಲ್ಲಿಂದ ಬಂತೆಂದು ಊಹಿಸುವುದಕ್ಕಿಂತ, ಇಂದು ಆ ಸಮಾಜವನ್ನು ಹಿಡಿದು ನಿಲ್ಲಿಸುವುದರಲ್ಲಿ ಅದರ ಪಾತ್ರವೇನೆಂದು ನೋಡುವುದೇ ಮುಖ್ಯವೆಂಬುದು ಅಲ್ಲಿ ಅವರಿಗಾದ ಉಪದೇಶ. ಕೊಡವರ ಒಕ್ಕ, ಐನ್‌ಮನೆ, ಮಂಗಲಗಳು, ಊರಹಬ್ಬಗಳು, ಕಾವೇರಿಯ ತುಲಾಸಂಕ್ರಮಣ ಇವೆಲ್ಲ ಒಂದನ್ನೊಂದು ಹೆಣೆದುಕೊಂಡಿರುವ ಬಗೆಯನ್ನು ತೋರಿಸುವ ಆ ಗ್ರಂಥವು ೧೯೫೨ರಲ್ಲಿ ಹೊರಬಂದಿತು.

ಅವರ ಹೆಸರನ್ನು ಲೋಕಪ್ರಸಿದ್ಧವಾಗಿ ಮಾಡಿದ ಪದವು ಆ ಗ್ರಂಥದಲ್ಲಿಯೇ ಇದೆ. ಜಾತಿಪದ್ಧತಿಯು ಶಿಲೆಯಂತೆ ಅಚಲವೆಂದು ಪಶ್ಚಿಮದವರು ನಂಬಿದ್ದರು. ಹಾಗಲ್ಲ, ನಡುವಣ ಮೆಟ್ಟಿಲುಗಳಲ್ಲಿ ಯಾವಾಗಲೂ ಚಲನೆಯುಂಟು, ಕೆಳಗಿನ ಜಾತಿಯೊಂದು ಮದ್ಯಮಾಂಸಗಳನ್ನು ತೊರೆದು, ಸಂಸ್ಕಾರಗಳನ್ನೂ ದೇವತೆಗಳನ್ನೂ ಮೇಲಿನವರಂತೆ ಮಾಡಿಕೊಂಡು, ಒಂದೆರಡು ತಲೆಮಾರುಗಳಲ್ಲಿ ಮೇಲಿನ ಸ್ಥಾನವನ್ನು ಪಡೆಯುತ್ತದೆ ಎಂದು ಶ್ರೀನಿವಾಸರು ತೋರಿಸಿಕೊಟ್ಟರು. ಇದನ್ನು ಅವರು ಮೊದಲು ‘ಬ್ರಾಹ್ಮಣೀಕರಣ’ವೆಂದು ಕರೆಯಬೇಕೆಂದಿದ್ದು, ಅನುಕರಿಸಲ್ಪಡುವವರು ಬ್ರಾಹ್ಮಣರೊಬ್ಬರೇ ಅಲ್ಲವಾದ್ದರಿಂದ ‘ಸಂಸ್ಕೃತೀಕರಣ’ವೆಂಬ ಹೆಸರನ್ನು ಕೊಟ್ಟರು. ಕ್ಷತ್ರಿಯರನ್ನು, ವೈಶ್ಯರನ್ನು, ನಮ್ಮ ಕಡೆ ಲಿಂಗಾಯತರನ್ನು ಮಾದರಿಯಾಗಿ ಇಟ್ಟುಕೊಂಡವರೂ ಇದ್ದಾರೆ. ಆ ಪದವು ಅಂದವಾದುದಲ್ಲವೆಂದು ಅವರೇ ಒಪ್ಪಿದ್ದರು. ಆದರೂ ಅದು ನಿಂತಿತು.

ಪಾಠಶಾಲೆಯಲ್ಲಿ ಕೌಮುದಿಯನ್ನು ಓದಿದವನು ಈ ಪದವನ್ನು ಬಿಡಿಸಿ ನೋಡದೆ ಇರಲಾರನು. ‘ಈಕರಣ’ವೆಂಬಲ್ಲಿ ಇರುವುದು ಚ್ವಿ ಪ್ರತ್ಯಯ. ಅದರ ಅರ್ಥ ಅಭೂತತದ್ಭಾವ, ಎಂದರೆ ಮೊದಲು ಹಾಗಿಲ್ಲದುದು ಈಗ ಹಾಗಾಗುವುದು. ಬೆಳ್ಳಗಿಲ್ಲದುದನ್ನು ಬೆಳ್ಳಗೆ ಮಾಡಿದರೆ ಅದು ಶುಕ್ಲೀಕರಣ. ಬೆಳ್ಳಗಿರುವುದನ್ನು ಯಾರೂ ಶುಕ್ಲೀಕರಿಸಲಾರರು. ಹಾಗಾದರೆ ಸಂಸ್ಕೃತೀಕರಣಕ್ಕೆ ಒಳಗಾದ ಜನವು ಅದಕ್ಕೆ ಮೊದಲು ಅಸಂಸ್ಕೃತವಾಗಿತ್ತೆಂದು ವ್ಯಾಕರಣವೇ ಹೇಳಿದಂತಾಗುತ್ತದೆ. ಇಂಗ್ಲಿಷಿನಲ್ಲಿ ಬರೆದ ಶ್ರೀನಿವಾಸರ ಅಭಿಪ್ರಾಯವು ಹಾಗಿರಲಿಲ್ಲ. ಸಂಸ್ಕೃತ ಗ್ರಂಥಗಳಲ್ಲಿ ಹೇಳಿರುವ ಆಚಾರಗಳ ಕಡೆಗೆ ತಿರುಗುವುದೆಂಬಷ್ಟೇ ಅವರ ವಿವಕ್ಷೆ. ಆದರೆ ಪದವು ಕನ್ನಡಕ್ಕೆ ಬಂದಾಗ ಈ ಭಾರವನ್ನು ಹೊತ್ತುಕೊಂಡೇ ಬಂತು. ಕೆಲವರು ‘ಸಂಸ್ಕೃತಾನುಕರಣ’ವೆನ್ನುತ್ತಾರೆ. ಅದರಲ್ಲಿ ಈ ದೋಷವಿಲ್ಲವಾದರೂ, ಸ್ವಂತದ್ದೇನೂ ಇಲ್ಲದೆ ಬರಿಯ ನಕಲು ಮಾಡುವವರೆಂಬ ಇನ್ನೊಂದು ದೋಷವಿದೆ.

ಇನ್ನೂ ಒಂದು ವಿಷಯವುಂಟು. ‘ಸಂ’ ಎಂಬ ಉಪಸರ್ಗದ ಮುಂದೆ ‘ಕೃ’ ಧಾತುವಿಗೆ ಸಕಾರವು ಬರುವುದಕ್ಕೆ ಪಾಣಿನಿಯು ಎರಡು ಅರ್ಥಗಳನ್ನು ಹೇಳಿದ್ದಾನೆ. ಒಂದು ಭೂಷಣ, ಎಂದರೆ ಅಲಂಕಾರ. ಇನ್ನೊಂದು ಸಮವಾಯ, ಎಂದರೆ ಒಂದುಗೂಡುವಿಕೆ. ಜಾತಿಗಳು ಮೇಲಿನವರ ಆಭರಣಗಳನ್ನು ತೊಟ್ಟುಕೊಳ್ಳುವುದು ಮೊದಲನೆಯ ಅರ್ಥ. ಶ್ರೀನಿವಾಸರ ಸಿದ್ಧಾಂತವು ಬಹುಮಟ್ಟಿಗೆ ಇದನ್ನೇ ಹಿಡಿಯಿತು. ಎರಡನೆಯ ಅರ್ಥಕ್ಕೆ ನಮ್ಮ ನೆರೆಯ ಮುತ್ತತ್ತಿಯೇ ಉದಾಹರಣೆ. ಕಾವೇರಿಯ ಮಡುವಿನಲ್ಲಿ ಬಿದ್ದ ಸೀತಾದೇವಿಯ ಮೂಗುತಿಯ ಮುತ್ತನ್ನು ಎತ್ತಿಕೊಟ್ಟುದರಿಂದ ಆಂಜನೇಯನು ಮುತ್ತೆತ್ತರಾಯನಾದನೆಂಬುದು ಅಲ್ಲಿಯ ಐತಿಹ್ಯ. ಇಲ್ಲಿ ಹಳ್ಳಿಯು ರಾಮಾಯಣದ ಕಡೆಗೆ ಏರಿಹೋಗಲಿಲ್ಲ. ರಾಮಾಯಣವೇ ಇಳಿದು ನಮ್ಮ ಹೊಳೆಯ ದಡಕ್ಕೆ ಬಂತು. ಮಕಿಮ್ ಮ್ಯಾರಿಯಟ್ ಎಂಬ ಅಮೆರಿಕದ ವಿದ್ವಾಂಸನು ಈ ಇಳಿಯುವಿಕೆಯನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂದು ೧೯೫೫ರಲ್ಲಿಯೇ ಹೇಳಿದನು.

ಇನ್ನು ಗ್ರಾಮದ ವಿಚಾರ. ೧೯೪೮ರಲ್ಲಿ ಶ್ರೀನಿವಾಸರು ಆಕ್ಸ್‌ಫರ್ಡಿನ ಅಧ್ಯಾಪಕರಾಗಿ ನಿಯಮಿತರಾಗಿ, ಮೊದಲ ವರ್ಷವನ್ನು ಕ್ಷೇತ್ರಕಾರ್ಯದಲ್ಲಿ ಕಳೆಯಲು ಅನುಮತಿಯನ್ನು ಪಡೆದು, ತಿರುಮಕೂಡಲು ನರಸೀಪುರ ತಾಲ್ಲೂಕಿನ ಕೊಡಗಹಳ್ಳಿಗೆ ಬಂದು ನೆಲಸಿದರು. ಗ್ರಂಥಗಳಲ್ಲಿ ಅದಕ್ಕೆ ‘ರಾಂಪುರ’ವೆಂಬ ಹೆಸರಿಟ್ಟರು. ಆಗ ಅಲ್ಲಿನ ಜನಸಂಖ್ಯೆ ೧,೫೨೩. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಒಕ್ಕಲಿಗರು. ಅಡಿಗೆಯವನೊಬ್ಬನನ್ನು ಕರೆದುಕೊಂಡು ಬಂದಿದ್ದ ಈ ಬ್ರಾಹ್ಮಣ ಯುವಕನು ತನಗೆ ಬೇಕಾದಂತೆ ಬದುಕಲು ಊರವರು ಬಿಡಲಿಲ್ಲ. ಬ್ರಾಹ್ಮಣನು ಹೇಗೆ ನಡೆಯಬೇಕೆಂಬುದು ಅವನಿಗಿಂತ ಅವರಿಗೇ ಚೆನ್ನಾಗಿ ತಿಳಿದಿತ್ತು. ಪರೀಕ್ಷಿಸಲು ಬಂದವನೇ ಪರೀಕ್ಷೆಗೆ ಒಳಗಾದನು. ತನ್ನ ಜನದ ಗುರುತನ್ನು ಮನುಷ್ಯನು ತಾನೇ ಬಿಟ್ಟರೂ ಊರು ಬಿಡುವುದಿಲ್ಲವೆಂಬುದು ಅವರಿಗೆ ಅನುಭವದಿಂದಲೇ ದೃಢಪಟ್ಟಿತು.

ರಾಂಪುರದಿಂದ ಅವರು ಕಂಡುಕೊಂಡ ಮುಖ್ಯವಾದ ಅಂಶಗಳು ಮೂರು. ಮೊದಲನೆಯದು, ವರ್ಣ ಬೇರೆ, ಜಾತಿ ಬೇರೆ. ಧರ್ಮಶಾಸ್ತ್ರಗಳಲ್ಲಿರುವ ವರ್ಣಗಳು ನಾಲ್ಕು. ಅವುಗಳ ಕ್ರಮವು ದೇಶಕ್ಕೆಲ್ಲ ಒಂದೇ. ಊರಿನಲ್ಲಿರುವ ಜಾತಿಗಳಾದರೋ ಇಪ್ಪತ್ತು; ಅವುಗಳಲ್ಲಿ ಮೇಲಿನದೂ ಕೆಳಗಿನದೂ ನಿಶ್ಚಿತವಾಗಿದ್ದರೂ ನಡುವಿನವುಗಳ ಸ್ಥಾನವು ಯಾವಾಗಲೂ ವಿವಾದಗ್ರಸ್ತ. ಎರಡನೆಯದು, ‘ಪ್ರಬಲಜಾತಿ’. ಸಂಖ್ಯೆ, ಭೂಮಿ, ಅಧಿಕಾರ ಇವು ಒಂದೇ ಜಾತಿಯಲ್ಲಿ ಕೂಡಿಕೊಂಡಾಗ, ಆಚಾರದಲ್ಲಿ ಅದಕ್ಕಿಂತ ಮೇಲೆನಿಸಿದವರೂ ಅದಕ್ಕೆ ತಲೆಬಾಗುತ್ತಾರೆ. ರಾಂಪುರದಲ್ಲಿ ಅನ್ಯಜಾತಿಯವರೂ ಮುಸಲ್ಮಾನರೂ ತಮ್ಮ ವ್ಯಾಜ್ಯಗಳನ್ನು ಒಕ್ಕಲಿಗ ಯಜಮಾನರ ಜಗುಲಿಗೆ ತರುತ್ತಿದ್ದರು. ಮೂರನೆಯದು, ಮತಗಳ ಗಂಟನ್ನು ಕೈಯಲ್ಲಿ ಹಿಡಿದಿರುವ ಹಳ್ಳಿಯ ಮುಖಂಡರ ವಿಚಾರ. ಇಂದು ಎಲ್ಲರ ಬಾಯಲ್ಲಿಯೂ ಇರುವ ‘ವೋಟ್ ಬ್ಯಾಂಕ್’ ಎಂಬ ಮಾತು ೧೯೫೫ರಲ್ಲಿ ಪ್ರಕಟವಾದ ಅವರ ರಾಂಪುರದ ಪ್ರಬಂಧದಿಂದ ಪ್ರಚಾರಕ್ಕೆ ಬಂದುದು.

ಅದೇ ಕಾಲದಲ್ಲಿ, ೧೯೫೪ರಿಂದ ೧೯೫೬ರವರೆಗೆ, ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿಯು ನಮ್ಮ ಮಂಡ್ಯದ ಎರಡು ಹಳ್ಳಿಗಳಲ್ಲಿ ಕೆಲಸ ಮಾಡಿದಳು. ಕಾಲುವೆಯ ನೀರು ಬಂದ ಹಳ್ಳಿಯಲ್ಲಿ ಹಣವು ಹೆಚ್ಚಿದರೂ ಒಕ್ಕಲಿಗರಿಗೂ ಅವರ ಹಳೇಮಕ್ಕಳಿಗೂ ಇದ್ದ ಹಿಂದಿನ ಸಂಬಂಧವು ಉಳಿಯಿತೆಂದೂ, ನೀರು ಬಾರದ ಹಳ್ಳಿಯವರು ಹೊರಗೆ ವ್ಯಾಪಾರ ನೌಕರಿಗಳಿಗೆ ತಿರುಗಿದ್ದರಿಂದ ಅಲ್ಲಿ ಅದು ಸಡಿಲವಾಯಿತೆಂದೂ ಅವಳು ಕಂಡಳು. ಊರಿನ ಹೊರಗೆ ಅನ್ನ ದೊರೆತಾಗ ಊರಿನೊಳಗಿನ ಕಟ್ಟು ಸಡಿಲುತ್ತದೆ. ಶ್ರೀನಿವಾಸರ ಗ್ರಂಥಗಳೊಡನೆ ಇದನ್ನೂ ಸೇರಿಸಿ ಓದಬೇಕು.

ಶ್ರೀನಿವಾಸರು ೧೯೫೧ರಲ್ಲಿ ಬರೋಡಕ್ಕೂ, ೧೯೫೯ರಲ್ಲಿ ದೆಹಲಿಗೂ ಪ್ರಾಧ್ಯಾಪಕರಾಗಿ ಹೋದರು. ೧೯೭೦ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ಸಂಶೋಧನಾ ಕೇಂದ್ರದಲ್ಲಿ ರಾಂಪುರದ ಗ್ರಂಥವನ್ನು ಬರೆಯಲು ಕುಳಿತಿದ್ದಾಗ, ಏಪ್ರಿಲ್ ೨೪ರಂದು ದುಷ್ಕರ್ಮಿಗಳು ಆ ಕೇಂದ್ರಕ್ಕೆ ಬೆಂಕಿಯಿಟ್ಟರು. ವರ್ಷಾಂತರಗಳಿಂದ ವಿಂಗಡಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಬೆಂದುಹೋದವು. ನೆನಪಿನಿಂದಲೇ ಬರೆಯಬೇಕೆಂದು ಸಾಲ್ ಟ್ಯಾಕ್ಸ್ ಎಂಬ ವಿದ್ವಾಂಸನು ಸಲಹೆ ಕೊಟ್ಟನು. ಹಾಗೆ ಬರೆದ ಗ್ರಂಥವು ೧೯೭೬ರಲ್ಲಿ ಬಂದು ಅವರ ಕೃತಿಗಳಲ್ಲೆಲ್ಲ ಶ್ರೇಷ್ಠವೆನಿಸಿತು. ಕೋಷ್ಟಕಗಳೆಲ್ಲ ಸುಟ್ಟುಹೋದ ಮೇಲೆ ಉಳಿದವರು ಮನುಷ್ಯರು: ಹಟಮಾರಿ ಪಟೇಲ, ಚತುರನಾದ ಕುಳ್ಳೇಗೌಡ, ಸಾತ್ತ್ವಿಕನಾದ ನಾಡುಗೌಡ. ಜಾತಿಯ ಹೆಸರಿನಿಂದ ಆರಂಭವಾದ ಅಧ್ಯಯನವು ವ್ಯಕ್ತಿಗಳ ಹೆಸರಿನಲ್ಲಿ ಮುಗಿಯಿತು.

ಆದರೆ ಈ ನೆನಪಿಗೂ ಒಂದು ಎಲ್ಲೆಯಿತ್ತು. ತಾವು ಮೇಲಿನ ಜಾತಿಗಳವರ ನಡುವೆಯೇ ಹೆಚ್ಚಾಗಿ ಓಡಾಡಿದುದರಿಂದ ದಲಿತರ ಕೇರಿಯ ಬಾಳನ್ನು ಬೇಕಾದಷ್ಟು ಕಾಣಲಿಲ್ಲವೆಂದು ಶ್ರೀನಿವಾಸರು ತಾವೇ ಬರೆದಿದ್ದಾರೆ. ಇದು ಸಣ್ಣ ಲೋಪವಲ್ಲ. ಪಟೇಲನ ಜಗುಲಿಯಿಂದ ನೋಡಿದಾಗ ಊರು ಒಂದು ಏಣಿಯಂತೆ ಕಾಣುತ್ತದೆ. ಕೇರಿಯಿಂದ ನೋಡಿದಾಗ ಅದು ಗೋಡೆಯಂತೆ ಕಾಣುತ್ತದೆ. ಆಚಾರವನ್ನು ಬದಲಿಸಿಕೊಂಡು ಏರುವ ದಾರಿಯು ಅಸ್ಪೃಶ್ಯರೆನಿಸಿದವರಿಗೆ ತೆರೆದಿರಲಿಲ್ಲವೆಂಬುದನ್ನು ಅವರ ಸಿದ್ಧಾಂತವೇ ಒಪ್ಪುತ್ತದೆ. ಆಚಾರವಿದ್ದ ಮಾತ್ರಕ್ಕೆ ಸ್ಥಾನವು ದೊರೆಯದೆಂಬುದಕ್ಕೆ ಅವರು ಕೊಟ್ಟ ಉದಾಹರಣೆ ಪಾಂಚಾಳರದು. ವಿಶ್ವಕರ್ಮ ಬ್ರಾಹ್ಮಣರೆಂದು ಹೇಳಿಕೊಂಡು, ಉಪವೀತವನ್ನು ಧರಿಸಿ, ಮಂತ್ರಪೂರ್ವಕವಾಗಿ ಸಂಸ್ಕಾರಗಳನ್ನು ನಡೆಸಿದರೂ, ಅವರ ಕೈಯ ನೀರನ್ನು ಕುಡಿಯಲು ಕೆಳಗಿನವರೆನಿಸಿದವರೂ ಒಪ್ಪುತ್ತಿರಲಿಲ್ಲ.

ಪಾಂಚಾಳರ ಮಾತು ಬಂದಾಗ ನಮ್ಮ ಊರಿನ ಹೆಸರು ಬರಲೇಬೇಕು. ಮಂಟೇಸ್ವಾಮಿಯ ಮಹಾಕಥೆಯಲ್ಲಿ ಹಲಗೂರು ಕಬ್ಬಿಣದ ಊರು. ಇಲ್ಲಿಯ ಪಾಂಚಾಳರು ಗರ್ವಿಷ್ಠರಾದ ಧನಿಕರು. ಗುರುವು ತನ್ನ ಶಿಷ್ಯನಾದ ಸಿದ್ದಪ್ಪಾಜಿಯನ್ನು ಕಬ್ಬಿಣದ ಭಿಕ್ಷೆಗಾಗಿ ಹಲಗೂರಿಗೆ ಕಳುಹಿಸುತ್ತಾನೆ. ಆ ಸಿದ್ದಪ್ಪಾಜಿಯೂ ಹುಟ್ಟಿನಿಂದ ಪಾಂಚಾಳನೇ; ಪೂರ್ವಾಶ್ರಮದಲ್ಲಿ ಕೆಂಪಾಚಾರಿ. ಸ್ವಜನರೇ ಅವನಿಗೆ ಭಿಕ್ಷೆಯನ್ನು ನಿರಾಕರಿಸಿ ಕಠಿಣವಾದ ಪರೀಕ್ಷೆಗಳಿಗೆ ಒಡ್ಡಿದರೆಂದೂ, ಕಡೆಗೆ ಅವನ ಮಹಿಮೆಗೆ ಬಾಗಿದರೆಂದೂ ನೀಲಗಾರರು ರಾತ್ರಿಯೆಲ್ಲ ಹಾಡುತ್ತಾರೆ. ನಮ್ಮ ತಾಲ್ಲೂಕಿನ ಬೊಪ್ಪೇಗೌಡನಪುರ, ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರು ಈ ಪಂಥದ ಕ್ಷೇತ್ರಗಳು. ನೀಲಗಾರರಲ್ಲಿ ದಲಿತರುಂಟು, ಇತರ ಜಾತಿಗಳವರೂ ಉಂಟು; ದೀಕ್ಷೆಗೆ ಜಾತಿಯ ನಿರ್ಬಂಧವಿಲ್ಲ. ಮಾಂಸವನ್ನು ಬಿಡಬೇಕಾಗಿಲ್ಲ, ಮಂತ್ರವನ್ನು ಕಲಿಯಬೇಕಾಗಿಲ್ಲ. ಏಣಿಯನ್ನು ಏರುವುದಲ್ಲ, ಏಣಿಯನ್ನೇ ಬದಿಗಿರಿಸುವುದು ಈ ಪಂಥದ ರೀತಿ. ಸಂಸ್ಕೃತೀಕರಣದ ಅಳತೆಗೋಲಿನಿಂದ ಇದನ್ನು ಅಳೆಯಲಾಗದು. ಸಂಸ್ಕೃತವನ್ನೇ ಕಲಿತು ಸಂಸ್ಕೃತವನ್ನೇ ಕಲಿಸಿದವರು ಇದನ್ನು ಒಪ್ಪಿಕೊಳ್ಳುವುದರಿಂದ ಆ ಭಾಷೆಗೆ ಯಾವ ಕುಂದೂ ಇಲ್ಲ.

ಏಕೆಂದರೆ ನಮ್ಮ ಶಾಸ್ತ್ರಕಾರರೇ ಈ ಪ್ರಶ್ನೆಯನ್ನು ನಿರ್ಭಯವಾಗಿ ಚರ್ಚಿಸಿದ್ದಾರೆ. ನಿತ್ಯವೂ ಏಕವೂ ಆಗಿ ಅನೇಕ ವ್ಯಕ್ತಿಗಳಲ್ಲಿ ನೆಲಸಿರುವ ಧರ್ಮವೇ ಜಾತಿಯೆಂಬುದು ತಾರ್ಕಿಕರ ಲಕ್ಷಣ, ಗೋವುಗಳಲ್ಲಿ ಗೋತ್ವವಿರುವಂತೆ. ಬ್ರಾಹ್ಮಣತ್ವವೂ ಇಂಥ ಜಾತಿಯೇ ಎಂದು ಭಾಟ್ಟ ಮೀಮಾಂಸಕರು ಸಾಧಿಸಿದರು. ಮೀಮಾಂಸಕರೇ ಆದ ಪ್ರಾಭಾಕರರು ಅದನ್ನು ಒಪ್ಪಲಿಲ್ಲ. ಬೌದ್ಧರೂ ಜೈನರೂ ಖಂಡಿಸಿದರು. ಉದಯನಾಚಾರ್ಯನು ಹೇಳಿದ ಜಾತಿಬಾಧಕಗಳಲ್ಲಿ ‘ಸಂಕರ’ವೆಂಬುದೊಂದು ಇದೆ. ಎರಡು ಧರ್ಮಗಳು ಒಂದನ್ನೊಂದು ಬಿಟ್ಟು ಬೇರೆಬೇರೆ ಕಡೆಗಳಲ್ಲಿದ್ದು, ಮತ್ತೊಂದು ಕಡೆ ಒಟ್ಟಿಗೂ ಇದ್ದರೆ, ಅವು ಜಾತಿಗಳಲ್ಲ, ಉಪಾಧಿಗಳು. ಉಳುಮೆಗಾರನಲ್ಲದ ಒಕ್ಕಲಿಗನೂ, ಒಕ್ಕಲಿಗನಲ್ಲದ ಉಳುಮೆಗಾರನೂ, ಎರಡೂ ಆಗಿರುವವನೂ ನಮ್ಮ ಊರಿನಲ್ಲಿಯೇ ಇದ್ದಾರೆ. ಮನುಷ್ಯನ ಗುರುತುಗಳೆಲ್ಲ ಹೀಗೆ ಒಂದರ ಮೇಲೊಂದು ಹಾಯ್ದಿರುವಾಗ, ತರ್ಕದೃಷ್ಟಿಯಿಂದ ಅವುಗಳಲ್ಲಿ ಯಾವುದೂ ಗೋತ್ವದಂಥ ಜಾತಿಯೆನಿಸಲಾರದು. ಶ್ರೀನಿವಾಸರು ಗ್ರಾಮದಲ್ಲಿ ನಿಂತು ಕಂಡುದೂ ಇದನ್ನೇ: ಒಬ್ಬನೇ ಮನುಷ್ಯನು ಅನ್ಯಗ್ರಾಮದವರ ಎದುರಿಗೆ ತನ್ನ ಊರಿನವನು, ತನ್ನ ಊರಿನಲ್ಲಿ ತನ್ನ ಜಾತಿಯವನು, ಜಾತಿಯಲ್ಲಿ ತನ್ನ ವಂಶದವನು.

ಉಪಾಧಿಯಾದ ಮಾತ್ರಕ್ಕೆ ಅದು ದುರ್ಬಲವೆಂದು ಭಾವಿಸಬಾರದು. ಶ್ರೀನಿವಾಸರು ೧೯೭೨ರಲ್ಲಿ ಬೆಂಗಳೂರಿಗೆ ಹಿಂದಿರುಗಿ, ವಿ. ಕೆ. ಆರ್. ವಿ. ರಾವ್ ಅವರ ಜೊತೆಯಲ್ಲಿ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನೆಯ ಸಂಸ್ಥೆಯಲ್ಲಿ ದುಡಿದು, ೧೯೭೭ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನು ಪಡೆದು, ೧೯೯೯ರ ನವೆಂಬರ್ ೩೦ರಂದು ಕಾಲವಶರಾದರು. ಅವರ ಮರಣಾನಂತರ ೨೦೦೩ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಅವರ ಕಡೆಯ ನಿರ್ಣಯವಿದೆ: ಕಸುಬುಗಳನ್ನೂ ಧಾನ್ಯದ ಆಯವನ್ನೂ ಹಂಚಿಕೊಂಡು ಊರನ್ನು ನಡೆಸುತ್ತಿದ್ದ ಜಾತಿವ್ಯವಸ್ಥೆಯು ಸಾಯುತ್ತಿದೆ, ಬಿಡಿಬಿಡಿಯಾದ ಜಾತಿಗಳಾದರೋ ಬಲಿಯುತ್ತಿವೆ. ಕುಂಬಾರನ ತಿಗುರಿ ನಿಂತಿತು, ಕುಂಬಾರರ ಸಂಘ ಹುಟ್ಟಿತು. ೨೦೧೫ರಲ್ಲಿ ನಮ್ಮ ರಾಜ್ಯದಲ್ಲಿ ಮನೆಮನೆಯ ಸಮೀಕ್ಷೆ ನಡೆದಾಗ ಎಲ್ಲೆಲ್ಲಿಯೂ ಎದ್ದ ಚರ್ಚೆಯು ಈ ಮಾತಿಗೆ ಸಾಕ್ಷಿ. ನೂರು ವರ್ಷಗಳ ಹಿಂದೆ ಅರ್ಜಿಗಳನ್ನು ಬರೆದವರು ಮೇಲಿನ ಹೆಸರನ್ನು ಬೇಡಿದರು. ಈಗಿನವರು ನ್ಯಾಯವಾದ ಪಾಲನ್ನು ಬೇಡುತ್ತಾರೆ. ಪಾಲು ದೊರೆಯದೆ ಉಳಿದ ಕೇರಿಗಳಿರುವವರೆಗೆ ಎಣಿಕೆಯೂ ಬೇಕಾದುದೇ.

ಆದರೂ ಎಣಿಕೆಯ ಪುಸ್ತಕದಲ್ಲಿ ಬರೆದ ಹೆಸರೇ ಮನುಷ್ಯನೆಂದು ಎಣಿಕೆಯವರೂ ಎಣಿಸಲ್ಪಟ್ಟವರೂ ನಂಬುವುದು ಬೇಡ. ಮೂರು ಪ್ರತಿ ಟಿಪ್ಪಣಿಗಳು ಬೆಂದ ಮೇಲೆಯೂ ಕುಳ್ಳೇಗೌಡನು ಉಳಿದನು. ಶ್ರೀನಿವಾಸರ ಜೀವಿತದಿಂದ ವಿದ್ಯಾವಂತ ಕುಟುಂಬಗಳವರು ಗ್ರಹಿಸಬೇಕಾದುದು ಇದೇ. ‘ಯಾವ ಜನ?’ ಎಂಬ ಪ್ರಶ್ನೆಯು ನಮ್ಮ ಸೀಮೆಯಿಂದ ಬೇಗ ಹೋಗುವಂಥದಲ್ಲ. ನೀರನ್ನು ಕೊಟ್ಟಾದ ಮೇಲೆ ಅದನ್ನು ಕೇಳುವಷ್ಟು ದೂರವಾದರೂ ನಾವು ಬಂದಿದ್ದೇವೆಯೇ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಬಾಗಿಲಿ‌ನಲ್ಲಿ ಪರೀಕ್ಷಿಸಿಕೊಳ್ಳತಕ್ಕದ್ದು.